ಆಡು ಇಲ್ಲದ ಅಧ್ಯಕ್ಷೆ

ನಾನು ಮಾಡುತ್ತಿದ್ದ ಕೆಲಸಕ್ಕೆ ನಮ್ಮ ಕಡೆ ಹೆಸರಿಲ್ಲ. ಮಾಸ್ತರಿಕೆ ಅಂದರೆ ತಿಳಿಯುತ್ತದೆ, ನರ್ಸಮ್ಮ ಅಂದರೆ ತಿಳಿಯುತ್ತದೆ. ದೊಡ್ಡ ಸಂಸ್ಥೆಗಳು ಕೊಡುವ ಹಣವನ್ನು ತಂದು, ಸಣ್ಣ ಸಣ್ಣ ಪಾಲು ಮಾಡಿ, ಹಳ್ಳಿ ತಾಂಡಾಗಳ ಗುಂಪುಗಳಿಗೆ ತಲುಪಿಸುವವಳು ಎಂದು ಹೇಳಿದರೆ ಕೇಳಿದವರು, "ಹಂಗಾದ್ರ ಬ್ಯಾಂಕ್ ಏನ್ರಿ?" ಅನ್ನುತ್ತಿದ್ದರು. ಬ್ಯಾಂಕ್ ಅಲ್ಲ, ಯಾರೂ ತಿರುಗಿ ಕಟ್ಟಬೇಕಾಗಿಲ್ಲ ಎಂದರೆ ಅವರ ಅನುಮಾನ ಇನ್ನೂ ಹೆಚ್ಚುತ್ತಿತ್ತು. ನಮ್ಮವ್ವ ಇರುವ ತನಕ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಮಂದಿ ರೊಕ್ಕ ಮಂದಿಗಿ ಕೊಡ್ಲಿಕ್ಕೆ ನಿನಗ್ಯಾಕ ಪಗಾರ?" ಕಣ್ಣಿನ ತೊಂದರೆಯಿಂದ ನಿವೃತ್ತಿಗೆ ಎರಡು ವರ್ಷ ಮೊದಲೇ ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೆ, ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳು ಆಗಾಗ ಫೋನ್ ಮಾಡುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆದಿಡುತ್ತೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಎರಡು ಸಲ ಸಿಕ್ಕಿತು, ಎರಡು ಸಲವೂ ಕುರ್ಚಿ ಅದೇ ಇತ್ತು.

ನಮ್ಮ ಮನೆ ವಾಡಿಯಲ್ಲಿ. ಯಜಮಾನರು ರೈಲ್ವೆಯಲ್ಲಿದ್ದರು. ಬೆಳಿಗ್ಗೆ ರೊಟ್ಟಿ ಬಡಿದು, ಅವರ ಬುತ್ತಿ ಒಂದು ನನ್ನ ಬುತ್ತಿ ಒಂದು ಕಟ್ಟಿ, ಪ್ಯಾಸೆಂಜರ್ ಗಾಡಿ ಹಿಡಿದು, ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿಯುತ್ತಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಆಫೀಸು. ನೆಲಕ್ಕೆ ಹಾಸಿದ್ದು ಶಹಾಬಾದ ಫರಸಿ, ಚಳಿಗಾಲದಲ್ಲಿ ಕಾಲು ಮೇಲೆತ್ತಿ ಕೂಡಬೇಕು. ಅಲ್ಲಿದ್ದದ್ದು ಮೂರೇ ಜನ. ಮುಖ್ಯಸ್ಥರು ಜೋಶಿ ಸರ್, ಊರೂರು ತಿರುಗುವ ಕೆಲಸಕ್ಕೆ ನಾನು ಮತ್ತು ರಹೀಮಸಾಬ. ರಹೀಮಸಾಬ ಶಹಾಬಾದದವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಯಾವ ಊರಿಗೆ ಯಾವ ಬಸ್ಸು ಎಷ್ಟು ಹೊತ್ತಿಗೆ ಕೆಡುತ್ತದೆ ಎನ್ನುವುದೂ ಅವರಿಗೆ ಗೊತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮಲ್ಲಿ ಫಾರಂ ಎನ್ನುವುದೇ ಇರಲಿಲ್ಲ. ಜೋಶಿ ಸರ್ ಅವರದು ಒಂದು ಕಟ್ಟಳೆ ಇತ್ತು. ಒಂದು ಊರಿಗೆ ಮೂರು ಸಲ ಹೋಗಬೇಕು. ಮಳೆಯಲ್ಲಿ ಒಮ್ಮೆ, ರಾಶಿಯ ಹೊತ್ತಿಗೆ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ. ಮೂರೂ ಆಗುವ ತನಕ ಆ ಊರಿನ ಬಗ್ಗೆ ಒಂದು ಸಾಲೂ ಬರೆಯಕೂಡದು. ಆಮೇಲೆ ಎರಡು ಸಾವಿರ ಇಸವಿ ದಾಟಿತು. ಮೇಲಿನ ಸಂಸ್ಥೆಗಳಿಂದ ದಪ್ಪ ದಪ್ಪ ಫಾರಂಗಳು ಬರತೊಡಗಿದವು. "ಹವಾಮಾನ ಬದಲಾವಣೆ" ಎಂಬ ಮಾತನ್ನು ನಾನು ಮೊದಲು ಕಂಡದ್ದು ಅಂಥ ಒಂದು ಫಾರಂನಲ್ಲಿ. ಅದನ್ನು ಹಳ್ಳಿಯಲ್ಲಿ ಹೇಗೆ ಹೇಳುವುದು ಎಂದು ಒಂದು ವಾರ ನಿಘಂಟು ತಿರುವಿದೆ. ಕಾಳಗಿಯ ಸಂತೆಯಲ್ಲಿ ಒಬ್ಬ ಅಜ್ಜನಿಗೆ ವಿವರಿಸಲು ಹೋದರೆ ಆತ, "ಮಳಿ ದಾರಿ ತಪ್ಪ್ಯದ ಅಂತ ಹೇಳ್ಲಿಕತ್ತೀರಿ ಹೌದಲ್ರಿ? ಅದಕ್ಯಾಕ ಇಷ್ಟು ತ್ರಾಸ ತಗೋತೀರಿ," ಎಂದ. ಆಮೇಲೆ ನಾನು ಎಲ್ಲ ಕಡೆ ಹಾಗೇ ಹೇಳಿದೆ.

ಫಾರಂ ಬಂದ ಮೇಲೆ ಕೆಲಸದ ಕ್ರಮ ತಿರುವುಮುರುವಾಯಿತು. ಮೊದಲು ಅರ್ಜಿ, ಆಮೇಲೆ ಊರು. ಅರ್ಜಿ ಹೋಗಬೇಕಾದ ದಿನ ಹತ್ತಿರ ಬಂದರೆ ಊರಿಗೆ ಹೋಗುವುದು ಅವಸರದ ಕೆಲಸವಾಗುತ್ತಿತ್ತು. ನನ್ನ ಮೊದಲ ದೊಡ್ಡ ತಪ್ಪು ಆಗಲೇ ಆದದ್ದು.

ಶಹಾಬಾದ ಪಕ್ಕದ ಭಂಕೂರಿನಲ್ಲಿ ಫರಸಿ ಕಲ್ಲು ತೆಗೆಯುವವರ ಗುಂಪು ಅರ್ಜಿ ಹಾಕಿತ್ತು. ಬೇಸಿಗೆ ವರ್ಷದಿಂದ ವರ್ಷಕ್ಕೆ ಸುಡುತ್ತಿದೆ, ಮಧ್ಯಾಹ್ನ ಕೂಡಲು ನೆರಳು ಬೇಕು ಎನ್ನುವುದು ಅವರ ಮಾತು. ನಾನು ಡಿಸೆಂಬರಿನಲ್ಲಿ ಹೋಗಿ, ಹಿತವಾದ ಬಿಸಿಲಿನಲ್ಲಿ ಅವರು ಕೊಟ್ಟ ಚಹಾ ಕುಡಿದು ಬಂದೆ. ಫಾರಂನಲ್ಲಿ "ಶಾಶ್ವತ ಕಟ್ಟಡ" ಎಂಬ ಖಾನೆ ಇತ್ತು. ಖಾಲಿ ಬಿಟ್ಟರೆ ಅರ್ಜಿ ತಿರುಗಿ ಬರುತ್ತದೆಂದು ಹೆದರಿ ತಗಡಿನ ಶೆಡ್ ಎಂದು ಬರೆದೆ. ಹಣ ಬಂತು, ಶೆಡ್ ಎದ್ದಿತು. ಮೇ ತಿಂಗಳಲ್ಲಿ ನೋಡಲು ಹೋದರೆ ಒಳಗೆ ಒಬ್ಬರೂ ಇಲ್ಲ. ಎಲ್ಲರೂ ಹೊರಗೆ, ಗೋಡೆಯ ಪಕ್ಕದ ಮೊಳದಗಲ ನೆರಳಿನಲ್ಲಿ ಸಾಲಾಗಿ ಕೂತಿದ್ದರು.

ಗುಂಪಿನ ಹಿರಿಯ ಮಹಬೂಬ ಮೇಸ್ತ್ರಿ ಎದ್ದು ನಿಂತು, "ಬರ್ರಿ ಬಾಯೀ, ಕುಂದ್ರಿ," ಎಂದು ಜಾಗ ಬಿಟ್ಟರು. "ನೀವು ಕೊಟ್ಟ ಶೆಡ್ಡಿನ ನೆರಳು ಭಾಳ ಛಲೋ ಅದ. ಒಳಗ ಹೋಗಬಾರದು, ಅಷ್ಟ."

ನಾನು ಬಾಗಿಲಲ್ಲಿ ತಲೆ ಹಾಕಿದೆ. ರೊಟ್ಟಿ ಹಂಚಿನ ಮೇಲೆ ಮುಖ ಇಟ್ಟ ಹಾಗಾಯಿತು.

"ಮತ್ತ ಆಗ್ಲೇ ಯಾಕ ಹೇಳ್ಲಿಲ್ಲ ಮೇಸ್ತ್ರಿ?"

"ನೀವು ಕೇಳಿದ್ದು ಎಷ್ಟು ಉದ್ದ, ಎಷ್ಟು ಅಗಲ ಅಂತ. ಅದನ್ನ ಹೇಳೀವ್ರಿ. ನಮಗ ಬೇಕಾಗಿದ್ದು ನಾಕು ಬಿದರಿನ ಕಂಬ, ಮ್ಯಾಲ ಈಚಲ ಚಾಪಿ. ಕಲ್ಲು ಕಡಕೋತ ನಾವು ಮುಂದ ಮುಂದ ಹೋಗ್ತೀವಿ, ನೆರಳೂ ಎತ್ತಿಕೊಂಡು ಹೋಗ್ಬೇಕು. ಈ ಶೆಡ್ಡಿಗಿ ಕಾಲಿಲ್ಲ ನೋಡ್ರಿ."

ಸೇಡಂಗೆ ಬಂದು ಜೋಶಿ ಸರ್‌ಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಯಾವ ತಿಂಗಳ ಹೋಗಿದ್ರಿ?"

"ಡಿಸೆಂಬರ್ ಸರ್."

"ಹ್ಞಾಂ," ಎಂದರು. ಅಷ್ಟೇ. ಅವರು ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ "ಹ್ಞಾಂ" ವಾಡಿಗೆ ಹೋಗುವ ಗಾಡಿಯಲ್ಲಿಯೂ ನನ್ನ ಪಕ್ಕವೇ ಕೂತು ಬಂತು.

ಅಂದಿನಿಂದ ಫಾರಂ ಇರಲಿ ಬಿಡಲಿ, ಮೂರು ಸಲ ಹೋಗುವ ಕಟ್ಟಳೆಯನ್ನು ನಾನು ಮುರಿಯಲಿಲ್ಲ. ಇನ್ನು ತಪ್ಪಾಗಲಿಕ್ಕಿಲ್ಲ ಎಂದುಕೊಂಡಿದ್ದೆ. ಅದೂ ಸುಳ್ಳೆಂದು ಚಿಂಚೋಳಿಯ ತಾಂಡಾದಲ್ಲಿ ತಿಳಿಯಿತು.

ಚಿಂಚೋಳಿಯಿಂದ ಮುಂದೆ, ಗುಡ್ಡದ ಮಗ್ಗುಲಿಗೆ ಹದಿನಾಲ್ಕು ಮನೆಯ ಲಂಬಾಣಿ ತಾಂಡಾ. ಹೆಸರು ಬೇಡ, ಅವರಿಗೆ ಇಷ್ಟವಾಗುತ್ತದೋ ಇಲ್ಲವೋ. ಗುಡ್ಡದ ಬುಡದಲ್ಲಿ ಒಂದು ಒರತೆ, ಕುಡಿಯಲು ಅದೊಂದೇ ನೀರು. ಮೊದಲು ಮಳೆಗಾಲದ ತನಕ ಬತ್ತುತ್ತಿರಲಿಲ್ಲವಂತೆ. ಈಚೆಗೆ ಹೋಳಿ ಹುಣ್ಣಿಮೆಗೇ ತಳ ಕಾಣುತ್ತಿತ್ತು. ಮಳೆ ಬಂದರೆ ಒಂದೇ ದಿನ ಸುರಿದು ಬೋಳು ಗುಡ್ಡದಿಂದ ಜಾರಿ ಹೋಗುತ್ತಿತ್ತು. ಒರತೆ ಬತ್ತಿದರೆ ಮನೆಗೆ ಕೀಲಿ, ಎಲ್ಲರೂ ಕಟ್ಟಡದ ಕೂಲಿಗೆ ಹೈದರಾಬಾದಿಗೆ. ಮಕ್ಕಳ ಶಾಲೆಗೂ ಅಂದೇ ಕೀಲಿ.

ಹೆಣ್ಣುಮಕ್ಕಳು ಒಂದು ಉಪಾಯ ಹುಡುಕಿದ್ದರು. ಮೂರು ವರ್ಷ ಗುಡ್ಡಕ್ಕೆ ಆಡು ಬಿಡಬಾರದು. ಹುಲ್ಲು ಬೇರು ಬಿಟ್ಟರೆ ಮಳೆಯ ನೀರು ಗುಡ್ಡದಲ್ಲೇ ಇಂಗುತ್ತದೆ, ಒರತೆ ಒಂದು ತಿಂಗಳಾದರೂ ಹೆಚ್ಚು ನಡೆಯುತ್ತದೆ. ಆದರೆ ಬೇಸಿಗೆಯಲ್ಲಿ ಆಡಿಗೆ ಮೇವು? ಅದಕ್ಕೆ ಬೇಕಾದ ಕಣಿಕಿ, ಅಂದರೆ ಜೋಳದ ದಂಟು, ಕೊಳ್ಳಲು ಅವರು ನಮ್ಮನ್ನು ಕೇಳಿದ್ದರು. ಒಡ್ಡು ಬೇಡ, ಬಾವಿ ಬೇಡ, ಮೂರು ಬೇಸಿಗೆಯ ಕಣಿಕಿ ಸಾಕು.

ಅರ್ಜಿಯನ್ನು ಅಲ್ಲಿಯ ಶಾಲೆಯ ಮಾಸ್ತರರು ಬರೆದುಕೊಟ್ಟಿದ್ದರು. ಅಧ್ಯಕ್ಷೆ: ಹೀರಿಬಾಯಿ. ಸಹಿಯ ಜಾಗದಲ್ಲಿ ರೂಪಾಯಿ ನಾಣ್ಯದಷ್ಟು ದೊಡ್ಡ ಕರಿ ಕಲೆ. ಶಾಯಿ ಚೆಲ್ಲಿದೆ ಎಂದುಕೊಂಡೆ. ಮೂರು ಸಲ ತಾಂಡಾಕ್ಕೆ ಹೋದೆ. ಮೂರು ಸಲವೂ ಮಾತಾಡಿದ್ದು ಚಾಂದಿಬಾಯಿ. ನಲವತ್ತರ ಆಚೆಯ ಹೆಂಗಸು, ತೋಳ ತುಂಬ ಬಳೆ, ಮಾತು ಕಡಿಮೆ, ಮಾತಿನ ನಡುವೆ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆಯುವ ಚಾಳಿ. ಹೀರಿಬಾಯಿಯನ್ನು ನಾನು ಕಾಣಲಿಲ್ಲ, ಕೇಳಲೂ ಇಲ್ಲ. ಅಧ್ಯಕ್ಷೆ ಎದುರಿಗೆ ಬಾರದಿರುವುದು ನಮ್ಮ ಕೆಲಸದಲ್ಲಿ ದೊಡ್ಡ ಮಾತಲ್ಲ. ಎಷ್ಟೋ ಊರಲ್ಲಿ ಅಧ್ಯಕ್ಷೆ ಒಲೆಯ ಮುಂದೆ ಇರುತ್ತಾಳೆ, ಮಾತಾಡುವವರು ಬೇರೆ. ಇಲ್ಲಿಯೂ ಹಾಗೇ ಎಂದುಕೊಂಡು ಮುಂದೆ ಹೋದೆ.

ಮೇವಿಗೆ ಹಣ ಕೊಡಲು ಮೇಲಿನ ಸಂಸ್ಥೆಯವರನ್ನು ಒಪ್ಪಿಸಬೇಕಾದರೆ ಬಹಳ ಪತ್ರ ಬರೆಯಬೇಕಾಯಿತು. ಕಡೆಗೆ ಮೊದಲ ವರ್ಷದ ಹಣ ಬಂತು. ಶಿವರಾತ್ರಿಯ ಸುಮಾರಿಗೆ ಕಾಗಿಣಾ ದಂಡೆಯ ದಂಡೋತಿಯಲ್ಲಿ ಜೋಳದ ರಾಶಿ ಮುಗಿದಿರುತ್ತದೆ, ಕಣಿಕಿ ಸಸ್ತಾ ಸಿಗುತ್ತದೆ. ರಹೀಮಸಾಬ ಒಬ್ಬ ರೈತನ ಹತ್ತಿರ ಮಾತಾಡಿ ಟ್ರ್ಯಾಕ್ಟರಿನಲ್ಲಿ ಕಳಿಸಿದರು. ಆಡುಗಳು ಬೇಸಿಗೆಯೆಲ್ಲ ಕಟ್ಟಿದಲ್ಲೇ ತಿಂದವು. ಮಳೆ ಬಿದ್ದ ಮೇಲೆ ಗುಡ್ಡದ ಮೇಲೆ ಮೊಣಕಾಲೆತ್ತರ ಹುಲ್ಲು ಎದ್ದಿತು. ನಾನು ವರದಿಯಲ್ಲಿ ಸಂತೋಷದಿಂದ ಬರೆದೆ.

ಮುಂದಿನ ಸಂಕ್ರಾಂತಿ ಆದ ವಾರ ಹಣ ಕೊಡುವ ಸಂಸ್ಥೆಯಿಂದ ಒಬ್ಬ ಮೇಡಂ ತಾಂಡಾ ನೋಡಲು ಬಂದರು, ನಾನೂ ರಹೀಮಸಾಬರೂ ಜೊತೆಗೆ ಹೋದೆವು. ಬೆಂಗಳೂರಿನವರು, ಒಳ್ಳೆಯ ಹೆಣ್ಣುಮಗಳು. ಬಿಸಿಲಲ್ಲಿ ಗುಡ್ಡ ಹತ್ತಿದರು, ಹುಲ್ಲು ಮುಟ್ಟಿ ನೋಡಿದರು, ಚಾಂದಿಬಾಯಿ ಕೊಟ್ಟ ರೊಟ್ಟಿ ತಿಂದರು. ಹೊರಡುವಾಗ ಕೇಳಿದರು, "ಅಧ್ಯಕ್ಷರನ್ನ ಭೇಟಿ ಮಾಡಿಸ್ತೀರಾ?"

"ಬರ್ರಿ," ಎಂದು ಚಾಂದಿಬಾಯಿ ಮುಂದೆ ನಡೆದಳು. ತಾಂಡಾದ ಕೊನೆಗೆ ಒಂದು ಬೇವಿನ ಮರ, ಅದರ ಕೆಳಗೆ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಕುಂಕುಮ ಹಚ್ಚಿದ ಒಂದು ಗುಂಡುಕಲ್ಲು.

"ಈಕಿನೇ ನೋಡ್ರಿ ಹೀರಿಬಾಯಿ."

ಮೇಡಂ ನನ್ನ ಕಡೆ ನೋಡಿದರು. ನಾನು ರಹೀಮಸಾಬರ ಕಡೆ ನೋಡಿದೆ. ರಹೀಮಸಾಬ ಬೇವಿನ ಮರ ನೋಡುತ್ತ ನಿಂತರು.

"ಇವರು ತೀರಿಕೊಂಡು ಎಷ್ಟು ವರ್ಷ ಆಯ್ತು?" ಮೇಡಂ ಕೇಳಿದರು.

"ಗೊತ್ತಿಲ್ರಿ. ನಮ್ಮತ್ತಿ ಲಗ್ನ ಆಗಿ ಬಂದಾಗ ಭಾಳ ಮುದುಕಿ ಇದ್ದಳಂತ."

"ಮತ್ತೆ ಅರ್ಜಿ ಮೇಲೆ ಹೆಬ್ಬೆಟ್ಟು?"

"ಅದು ನಮ್ಮೆಲ್ಲಾರದೂ. ಹದಿನಾಲ್ಕು ಮನಿಯವರು ಒಬ್ಬರ ಮ್ಯಾಲ ಒಬ್ಬರು ಒತ್ತೀವ್ರಿ. ಒಬ್ಬರದು ಎದ್ದು ಕಾಣಬಾರದಂತ."

ನಾನು ಶಾಯಿ ಚೆಲ್ಲಿದ್ದೆಂದು ತಿಳಿದ ಕಲೆ ಅದು. ಮೇಡಂ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಹತ್ತು ದಿನಕ್ಕೆ ಪತ್ರ ಬಂತು. ಇಲ್ಲದ ವ್ಯಕ್ತಿಯ ಹೆಸರಿನಲ್ಲಿ ಅರ್ಜಿ ಹಾಕಲಾಗಿದೆ. ಬದುಕಿರುವ ಒಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿ, ವಿವರಣೆ ಕೊಡುವ ತನಕ ಎರಡನೆಯ ವರ್ಷದ ಹಣ ತಡೆಹಿಡಿಯಲಾಗಿದೆ. ಆ ಪತ್ರದಲ್ಲಿ ಸಿಟ್ಟಿರಲಿಲ್ಲ. ಅವರೂ ತಮ್ಮ ಮೇಲಿನವರಿಗೆ ಉತ್ತರ ಹೇಳಬೇಕಾದವರು. ಆದರೆ ಹೋಳಿ ಹುಣ್ಣಿಮೆಗೆ ಒಂದು ತಿಂಗಳ ಮೇಲೆ ಕೆಲವೇ ದಿನ ಉಳಿದಿದ್ದವು. ಅಷ್ಟರೊಳಗೆ ಕಣಿಕಿ ಬಾರದಿದ್ದರೆ ಆಡುಗಳು ಗುಡ್ಡ ಹತ್ತುತ್ತವೆ. ಒಂದು ವರ್ಷದ ಎಳೆ ಹುಲ್ಲು ಬೇರು ಸಮೇತ ಹೋದರೆ ಮತ್ತೆ ಮೊದಲಿನಿಂದ ಶುರುಮಾಡಲು ಆ ಹೆಣ್ಣುಮಕ್ಕಳಿಗೆ ಮನಸ್ಸು ಬರುವುದಿಲ್ಲ.

ಮಾರನೆಯ ದಿನವೇ ನಾನು ತಾಂಡಾಕ್ಕೆ ಹೋದೆ. ಎಲ್ಲರೂ ಕಟ್ಟೆಯ ಸುತ್ತ ಕೂತರು. ತಾಂಡಾದ ಯಜಮಾನಿಕೆ ಮಾಡುವ ರೂಪ್ಲಾ ನಾಯ್ಕನೂ ಬಂದು ಬೀಡಿ ಹಚ್ಚಿಕೊಂಡು ಕೂತ.

"ಚಾಂದಿಬಾಯಿ, ನಿನ್ನ ಹೆಸರು ಬರೀತೀನಿ. ಎಲ್ಲಾ ನೀನೇ ಮಾಡ್ತಿ, ತಪ್ಪೇನು?"

ಅವಳು ನೆಲದ ಮೇಲೆ ಗೆರೆ ಎಳೆದಳು. "ನನಗ ಏಳು ಆಡು ಅವ್ರಿ. ನಾಳಿ ನನ್ನ ಆಡು ಗುಡ್ಡ ಏರಿದ್ರ ಹೊಡದು ಇಳಸೋರು ಯಾರು? ಅಧ್ಯಕ್ಷಬಾಯಿ ಆಡು ಅಂತ ಎಲ್ಲಾರೂ ಬಾಯಿ ಮುಚ್ಚಿಕೊಂಡು ಕುಂದ್ರತಾರ. ಮರುದಿನ ಎಲ್ಲಾರ ಆಡೂ ಏರ್ತಾವ."

"ಹಂಗಾದ್ರ ಬೇರೆ ಯಾರಾದ್ರೂ?"

"ಯಾರ ಹೆಸರು ಬರೀತೀರಿ? ಎಲ್ಲಾರಿಗೂ ಆಡು ಅವ. ಆಡಿಲ್ಲದಾಕಿ ಇಲ್ಲಿ ಒಬ್ಬಾಕಿನೇ." ಕಟ್ಟೆಯ ಕಡೆ ಕಡ್ಡಿ ತೋರಿಸಿದಳು. "ಆಕಿಗಿ ಆಡಿಲ್ಲ, ಮಗಾ ಇಲ್ಲ, ಸೊಸಿ ಇಲ್ಲ. ಯಾರ ಪರನೂ ಆಗಂಗಿಲ್ಲ."

ರೂಪ್ಲಾ ನಾಯ್ಕ ಹೊಗೆ ಬಿಟ್ಟು ನಕ್ಕ. "ಖರೇ ಅದ ಬಾಯೀ. ನಾ ಜೀವಂತ ನಾಯ್ಕ ಅದೀನಿ, ನನ್ನ ಮಾತು ಅರ್ಧಾ ಮಂದಿ ಕೇಳ್ತಾರ. ಆಕಿ ಮಾತು ಎಲ್ಲಾರೂ ಕೇಳ್ತಾರ. ಆಕಿ ಮಾತಾಡಂಗಿಲ್ಲ ನೋಡ್ರಿ, ಅದಕ್ಕ."

"ನಿನ್ನ ಮಾತೂ ಕೇಳ್ತಿದ್ವಿ, ನೀ ಬಾಯಿ ಮುಚ್ಚಿದ್ರ," ಎಂದಳು ಹಿಂದೆ ಕೂತಿದ್ದ ಒಬ್ಬ ಮುದುಕಿ. ಎಲ್ಲರೂ ನಕ್ಕರು. ನಾಯ್ಕನೂ ನಕ್ಕ.

ಇದು ಬೇರೆ ತಾಂಡಾಗಳಲ್ಲಿ ನಾನು ಕಾಣದ ರೂಢಿ. ಜಗಳ ಬರುವಂಥ ಯಾವ ಕೆಲಸವಾದರೂ ಇವರು ಅದನ್ನು ಹೀರಿಬಾಯಿಯ ಹೆಸರಿಗೆ ಹಾಕುತ್ತಿದ್ದರು. ಹಿಂದೆ ಒರತೆಯ ಸರದಿಯೂ ಹಾಗೇ ನಡೆದಿತ್ತಂತೆ. ಕಳೆದ ಬೇಸಿಗೆಯಲ್ಲಿ ಚಾಂದಿಬಾಯಿಯ ಒಂದು ಆಡು ಹಗ್ಗ ಹರಿದುಕೊಂಡು ಗುಡ್ಡ ಏರಿತ್ತು. ಅವಳೇ ಕಟ್ಟೆಯ ಮುಂದೆ ನಿಂತು ಹೇಳಿ, ಆ ದಿನದ ಹಾಲನ್ನೆಲ್ಲ ಹದಿನಾಲ್ಕು ಮನೆಗೂ ಹಂಚಿದ್ದಳು. ಇದನ್ನು ಹೇಳಿದ್ದು ಅವಳಲ್ಲ, ಹಿಂದೆ ಕೂತಿದ್ದ ಆ ಮುದುಕಿ.

ಆಮೇಲೆ ನಾನು ಆಡಿದ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಕಾಗದದ ಮ್ಯಾಲ ಅಷ್ಟ ಯಾರದಾದ್ರೂ ಹೆಸರು ಬರಿಯೋಣ. ಇಲ್ಲಿ ನೀವು ಹ್ಯಾಂಗ ನಡಸ್ತೀರೋ ಹಾಂಗ ನಡಸ್ರಿ," ಎಂದೆ.

ಚಾಂದಿಬಾಯಿ ಕಡ್ಡಿ ಕೆಳಗಿಟ್ಟಳು. "ಕಾಗದದ ಮ್ಯಾಲ ಒಂದು, ಗುಡ್ಡದ ಮ್ಯಾಲ ಒಂದು ಏನ್ರಿ? ಕಾಗದ ನಿಮ್ಮದು. ನಿಮಗ ಸುಳ್ಳ ಹೇಳಿದಂಗ ಆತದಲ್ಲ."

ಅರ್ಜಿಗಳಲ್ಲಿ ಸುಳ್ಳು ಹುಡುಕುವುದಕ್ಕೆ ಪಗಾರ ತೆಗೆದುಕೊಳ್ಳುತ್ತಿದ್ದವಳು ನಾನು. ಬುತ್ತಿ ಬಿಚ್ಚದೆ ಹಾಗೇ ತಿರುಗಿ ಬಂದೆ.

ಜೋಶಿ ಸರ್ ಎಲ್ಲ ಕೇಳಿಸಿಕೊಂಡರು. ನಿಯಮದ ಮನುಷ್ಯ, ಅರ್ಜಿಯಲ್ಲಿ ಕಾಗುಣಿತ ತಪ್ಪಿದರೂ ಕೆಂಪು ಪೆನ್ಸಿಲ್ ಹಿಡಿಯುವವರು. ಈ ಸಲ "ಹ್ಞಾಂ" ಎನ್ನುವುದಕ್ಕಿಂತ ಹೆಚ್ಚಿನದೇನೋ ಕಾದಿದೆ ಎಂದುಕೊಂಡೆ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

"ನಮ್ಮ ಮನಿತನದಾಗ ದೇವರ ಪೂಜಾ ಅದ, ನಿಮಗ ಗೊತ್ತದಲ್ಲ. ದೇವರ ಹೊಲನೂ ಅದ. ಪಹಣಿಯಾಗ ಯಾರ ಹೆಸರದ?"

"ಯಾರದು ಸರ್?"

"ದೇವರದು. ನಮ್ಮಪ್ಪಂದೂ ಅಲ್ಲ, ನಂದೂ ಅಲ್ಲ. ಅಣ್ಣತಮ್ಮರು ಹೊಡ್ದಾಡಬಾರದಂತ ಹಿರಿಯರು ಹಂಗ ಇಟ್ಟಾರ. ಇವತ್ತಿನ ತನಕ ಯಾವ ತಹಶೀಲ್ದಾರನೂ ದೇವರನ್ನ ಕಚೇರಿಗಿ ಕರಕೊಂಡು ಬಾ ಅಂದಿಲ್ಲ."

ರಹೀಮಸಾಬ ಬಾಗಿಲಲ್ಲೇ ನಿಂತು, "ನಮ್ಮ ದರ್ಗಾದ ಜಮೀನೂ ಹಂಗೇ ಅದ ಸರ್," ಎಂದರು.

"ಮತ್ತ ಆ ಹೆಣ್ಣುಮಕ್ಕಳೇನು ತಪ್ಪು ಮಾಡ್ಯಾರ? ಕುಂದ್ರಿ, ಬರೀರಿ."

ಆ ಪತ್ರವನ್ನು ಮೂರು ಸಲ ಬರೆದೆವು. ಹೀರಿಬಾಯಿ ಬದುಕಿಲ್ಲ ಎಂದು ಮೊದಲ ಸಾಲಿನಲ್ಲೇ ಹೇಳಿದೆವು. ನಾವು ಕೇಳದೆ ಬಿಟ್ಟದ್ದು ನಮ್ಮ ತಪ್ಪು ಎಂದು ಎರಡನೆಯ ಸಾಲಿನಲ್ಲಿ. ಅವಳ ಹೆಸರು ಯಾಕೆ ಎನ್ನುವುದನ್ನು ಆಮೇಲೆ ವಿವರಿಸಿದೆವು. ಲೆಕ್ಕಕ್ಕೆ ಉತ್ತರ ಹೇಳುವವರು ಬೇಕಲ್ಲವೇ, ಅದಕ್ಕಾಗಿ ಬೇರೆ ಹಾಳೆಯಲ್ಲಿ "ಹೀರಿಬಾಯಿ ಪರವಾಗಿ" ಎಂದು ಬರೆದು ಹದಿನಾಲ್ಕು ಹೆಸರು, ಪ್ರತಿ ಹೆಸರಿನ ಮುಂದೆ ಬಿಡಿ ಬಿಡಿ ಹೆಬ್ಬೆಟ್ಟು. ಅದಕ್ಕೆ ಚಾಂದಿಬಾಯಿ ಒಪ್ಪಿದಳು. "ಎಲ್ಲಾರೂ ಸಮ ಇದ್ರ ಆತದ," ಎಂದಳು. ಪತ್ರ ರಿಜಿಸ್ಟರ್ ಪೋಸ್ಟಿನಲ್ಲಿ ಹೋಯಿತು.

ಶಿವರಾತ್ರಿ ಬಂತು, ಉತ್ತರ ಬರಲಿಲ್ಲ. ದಂಡೋತಿಯ ರೈತ ಎರಡು ಸಲ ಹೇಳಿ ಕಳಿಸಿದ. ಕಣಿಕಿಗೆ ಬೇರೆ ಗಿರಾಕಿ ಬಂದಿದ್ದಾರೆ, ಎಷ್ಟು ದಿನ ಇಟ್ಟುಕೊಳ್ಳಲಿ ಎಂದು. ನಾನು ಫೋನ್ ಮಾಡಿದರೆ ಬೆಂಗಳೂರಿನಲ್ಲಿ, "ಸಮಿತಿಯ ಮುಂದೆ ಇದೆ," ಎನ್ನುತ್ತಿದ್ದರು. ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಇದ್ದಾಗ ತಾಂಡಾಕ್ಕೆ ಹೋಗಿ, ಹಣ ಬರುವ ಹಾಗೆ ಕಾಣುವುದಿಲ್ಲ ಎಂದು ಹೇಳಿದೆ. ಹೊಸದಾಗಿ ಸೇರುವವರು ಇದೊಂದನ್ನು ಕಲಿಯಬೇಕು. ಒಳ್ಳೆಯ ಸುದ್ದಿಯನ್ನು ಯಾರ ಕೈಯಲ್ಲಾದರೂ ಕಳಿಸಬಹುದು, ಇಲ್ಲ ಎನ್ನುವುದನ್ನು ಮಾತ್ರ ಕಾಲೆಳೆದುಕೊಂಡು ಹೋಗಿ ತಾವೇ ಹೇಳಬೇಕು.

ಚಾಂದಿಬಾಯಿ ಬಹಳ ಹೊತ್ತು ಗೆರೆ ಎಳೆದಳು. "ಆತು ಬಿಡ್ರಿ. ಕಣಿಕಿ ಇಲ್ಲಿಗಿ ಬರ್ಲಿಲ್ಲಂದ್ರ ಆಡೇ ಅಲ್ಲಿಗಿ ಹೋಗ್ತಾವ."

ನನಗೆ ತಿಳಿಯಲಿಲ್ಲ. ಅವರವರೇ ತಮ್ಮ ಭಾಷೆಯಲ್ಲಿ ಮಾತಾಡಿಕೊಂಡರು. ಕಡೆಗೆ ತೀರ್ಮಾನವಾದದ್ದು ಇಷ್ಟು. ಒಂಬತ್ತು ಮನೆಯವರು ಹದಿನಾಲ್ಕು ಮನೆಯ ಆಡುಗಳನ್ನೂ ಹೊಡೆದುಕೊಂಡು ಕಾಳಗಿಯ ಮೇಲೆ ಹಾದು ದಂಡೋತಿಗೆ ನಡೆದು ಹೋಗುವುದು. ರಾಶಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಆಡು ನಿಲ್ಲಿಸಿದರೆ ರೈತರು ಕಣಿಕಿಯನ್ನೂ ಊಟದ ಜೋಳವನ್ನೂ ಕೊಡುತ್ತಾರೆ. ಮಳೆ ಬೀಳುವ ತನಕ ಹಾಗೆ ಕಳೆಯುವುದು. ಐದು ಮನೆಯವರು ಮಕ್ಕಳನ್ನೂ ಮುದುಕರನ್ನೂ ನೋಡಿಕೊಂಡು ಇಲ್ಲೇ ಇರುವುದು. ಮಕ್ಕಳ ಹಾಲಿಗೆಂದು ಐದು ಆಡು ಮಾತ್ರ ಇಲ್ಲೇ ಕಟ್ಟಿ ಸೊಪ್ಪು ತಂದು ಹಾಕುವುದು.

"ಆ ಐದು ಆಡು?" ಎಂದು ನಾನು ಕೇಳಿದೆ. ನಾಲ್ಕು ಹೆಜ್ಜೆ ಮೇಲೆ ಹುಲ್ಲು ತುಂಬಿದ ಗುಡ್ಡ, ಕೆಳಗೆ ಬರಿ ನೆಲ. ಕಾಯಬೇಕಾದವರು ಬಹುಪಾಲು ದೂರದಲ್ಲಿ.

"ಅದೇ ನೋಡ್ರಿ," ಎಂದಳು ಚಾಂದಿಬಾಯಿ.

ಯುಗಾದಿಯಾದ ಮೇಲೆ ಒಂದು ದಿನ ಚಿತ್ತಾಪುರದಿಂದ ಬಸ್ಸು ಹಿಡಿದು ದಂಡೋತಿಗೆ ಹೋದೆ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಅವರು ನದಿಯ ದಂಡೆಗೆ ಜಾಲಿಯ ನೆರಳಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿಕೊಳ್ಳುತ್ತಿದ್ದರು. ಚಾಂದಿಬಾಯಿ ಒಡೆದ ಹಿಮ್ಮಡಿಗೆ ಬಟ್ಟೆ ಸುತ್ತಿದ್ದಳು. ನಾನು ಒಯ್ದ ಶೇಂಗಾ ಹಿಂಡಿಯನ್ನು ಎಲ್ಲರೂ ರೊಟ್ಟಿಯ ಮೇಲೆ ಹಾಕಿಕೊಂಡರು.

"ನೀವು ಗುಡ್ಡಕ್ಕ ಹೋಗಿದ್ರೇನು?" ಅವಳು ಕೇಳಿದ್ದು ಅದೊಂದೇ.

ಹೋಗಿರಲಿಲ್ಲ. ಮಾರ್ಚ್ ತಿಂಗಳ ವರದಿಗಳ ರಾಶಿಯಲ್ಲಿ ನನಗೆ ಆಗಿರಲಿಲ್ಲ. ಹಾಗೆಂದು ಹೇಳಿದೆ. ಅವಳು ತಲೆ ಆಡಿಸಿ, ನನಗೆ ಇನ್ನೊಂದು ರೊಟ್ಟಿ ಹಾಕಿದಳು.

ಮೇ ಕೊನೆಯಲ್ಲಿ ಬೆಂಗಳೂರಿನ ಪತ್ರ ಬಂತು. ಒಪ್ಪಿಗೆ ಸಿಕ್ಕಿತ್ತು. ಆ ಮೇಡಂ ಸಮಿತಿಯ ಮುಂದೆ ಎರಡು ಸಲ ನಮ್ಮ ಪರ ಮಾತಾಡಿದ್ದರೆಂದು ಆಮೇಲೆ ತಿಳಿಯಿತು. ಜೋಶಿ ಸರ್ ಓದಿ, ಯಾವ ತಪ್ಪನ್ನೂ ಗುರುತು ಮಾಡದೆ ನನ್ನ ಕೈಗೆ ಕೊಟ್ಟರು. "ನೀವೇ ಒಯ್ದು ಕೊಡ್ರಿ," ಎಂದರು.

ಮಿರಗದ, ಅಂದರೆ ಮೃಗಶಿರೆಯ, ಮೊದಲ ಮಳೆ ಬಿದ್ದ ನಾಲ್ಕನೆಯ ದಿನ, ಅವರು ತಿರುಗಿ ಬರುತ್ತಿದ್ದಾರೆಂದು ರಹೀಮಸಾಬ ಸುದ್ದಿ ತಂದರು. ನಾವಿಬ್ಬರೂ ತಾಂಡಾಕ್ಕೆ ಹೋಗಿ ಕಾದೆವು. ಉಳಿದಿದ್ದವರು, ಒರತೆ ಈ ಸಲ ಯುಗಾದಿ ದಾಟಿ ಹದಿನೈದು ದಿನ ನಡೆಯಿತು, ಆಮೇಲೆ ದೂರದ ಹೊಲದ ಬಾವಿಯಿಂದ ಹೊತ್ತೆವು ಎಂದರು. ಗುಡ್ಡದ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಡುಗಳ ಕೂಗು ಕೇಳಿಸಿತು.

"ಚಾಂದಿಬಾಯಿ, ಹಣಕ್ಕ ಒಪ್ಪಿಗಿ ಬಂದದ. ಪತ್ರ ತಂದೀನಿ," ಎಂದೆ.

"ಚೀಲದಾಗ ಇಡ್ರಿ. ಮೊದಲ ಗುಡ್ಡ ನೋಡೋಣ ಬರ್ರಿ."

ಆಡುಗಳನ್ನು ಕಟ್ಟಿ, ನೀರೂ ಕುಡಿಯದೆ ಅವಳು ಹತ್ತಿದಳು. ಹಿಂದೆ ಎಲ್ಲರೂ. ದಂಡೋತಿಗೆ ಹೋದವರು ಒಂದು ಕಡೆ, ಇಲ್ಲಿ ಉಳಿದವರು ಒಂದು ಕಡೆ. ಮೇಲೆ ಹೋಗಿ ಕಳೆ ತೆಗೆಯುವವರ ಹಾಗೆ ಸಾಲಾಗಿ ಬಾಗಿದರು. ಹಳೆಯ ಹುಲ್ಲನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡುತ್ತಿದ್ದರು. ಹುಲ್ಲು ನಿಂತೇ ಇತ್ತು, ಇನ್ನೇನು ಹುಡುಕುತ್ತಾರೆ ಎಂದು ನಾನು ಕೇಳಿದೆ.

"ಹಿಕ್ಕಿ," ಎಂದಳು ಒಬ್ಬಳು. ಐದೇ ಆಡು ಏರಿ ತಿಂದದ್ದು ಇಷ್ಟು ಹುಲ್ಲಿನಲ್ಲಿ ಕಾಣದೆ ಹೋಗಬಹುದು, ಹಿಕ್ಕೆ ಬಿದ್ದೇ ಇರುತ್ತದೆ. ಬಿದ್ದದ್ದು ಒಂದೇ ಮಳೆ, ಕರಗಿರುವುದಿಲ್ಲ. ನಾನೂ ಸೆರಗು ಸಿಕ್ಕಿಸಿ ಬಾಗಿದೆ. ಅರ್ಧ ಗುಡ್ಡ ಮುಗಿಯುವ ತನಕ ಏನೂ ಸಿಗಲಿಲ್ಲ. ಆಮೇಲೆ ಒಂದು ಕಲ್ಲಿನ ಮರೆಯಲ್ಲಿ ನನ್ನ ಕಣ್ಣಿಗೇ ಬಿತ್ತು. ಕಡಲೆಕಾಳಿನಷ್ಟು ದಪ್ಪ, ಎಂಟೋ ಹತ್ತೋ. ತೋರಿಸಲೋ ಬೇಡವೋ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಅಷ್ಟರಲ್ಲಿ ಉಳಿದಿದ್ದ ಐದು ಮನೆಯ ಹೆಂಗಸರಲ್ಲಿ ಒಬ್ಬಳು ನನ್ನ ಮುಖ ನೋಡಿದಳು. ಅವಳ ಮುಖ ಬಿಳುಚಿತ್ತು.

"ಚಾಂದಿಬಾಯಿ," ಎಂದು ಕರೆದೆ.

ಅವಳು ಬಂದು ಕುಕ್ಕರಗಾಲಲ್ಲಿ ಕೂತಳು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಒತ್ತಿದಳು. ಅದು ಒಣ ಹುಲ್ಲಿನ ಪುಡಿಯಾಗಿ ಅಂಗೈ ಮೇಲೆ ಉದುರಿತು. ಮೂಸಿ ನೋಡಿದಳು. ಇನ್ನೊಂದನ್ನೂ ಒತ್ತಿದಳು.

"ಆಡಿಂದಲ್ಲ. ಆಡಿಂದು ಕರ್ರಗ, ಉದ್ದ ಇರ್ತದ. ಇದು ಗುಂಡಗದ, ಬರೇ ಹುಲ್ಲು." ಅವಳು ಮೇಲೆ ನೋಡಿದಳು. "ಮೊಲಾ ಬಂದದ."

ಐದು ಮನೆಯ ಆ ಹೆಂಗಸು ಅಲ್ಲೇ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಚಾಂದಿಬಾಯಿ ಎದ್ದು ಹೋಗಿ ಅವಳ ಪಕ್ಕ ಕೂತಳು. ಹಿಂದಿನಿಂದ ರೂಪ್ಲಾ ನಾಯ್ಕ, "ಬಾಯೀ, ಮುಂದಿನ ಸಲ ಮೊಲಕ್ಕೂ ಒಂದು ಫಾರಂ ತರ್ರಿ," ಎಂದ. ಆಗ ಎಲ್ಲರಿಗೂ ನಗು ಬಂತು.

ಉಳಿದರ್ಧ ಗುಡ್ಡವನ್ನೂ ಬಿಡದೆ ನೋಡಿ, ಇಳಿದು, ಅವರು ಒರತೆಯ ಹೊಸ ನೀರಿನಲ್ಲಿ ಕಾಲು ತೊಳೆದುಕೊಂಡರು. ಆಮೇಲೆ ಚಾಂದಿಬಾಯಿ, "ಈಗ ಓದ್ರಿ," ಎಂದಳು.

ಬೇವಿನ ಮರದ ಕೆಳಗೆ ಎಲ್ಲರೂ ಕೂತರು. ನಾನು ಚೀಲದಿಂದ ಪತ್ರ ತೆಗೆದೆ. ಆಗಲೇ ಗಮನಿಸಿದೆ, ಬೆಂಗಳೂರಿನವರು ಪತ್ರದ ತಲೆಯಲ್ಲಿ ಬರೆದ ಹೆಸರು ನಮ್ಮ ಆಫೀಸಿನದಲ್ಲ. ಕೂತವರ ಕಡೆಗಿದ್ದ ನಾನು ಕಟ್ಟೆಯ ಕಡೆ ತಿರುಗಿ ನಿಂತು, ಗಟ್ಟಿಯಾಗಿ ಶುರುಮಾಡಿದೆ: "ಶ್ರೀಮತಿ ಹೀರಿಬಾಯಿ, ಅಧ್ಯಕ್ಷರು, ಇವರಿಗೆ."